ಮ್ಯೂನಿಕ್‌ನಾಗ ಸಿಕ್ಕ ಕಾರೇಜ್

ಮಗಳ ಬಾಣಂತನಕ್ಕಂತ ಜರ್ಮನಿಗೆ ಬಂದೀವಿ, ಹಿಂಗಾಗಿ ಈ ಸಲ ಹೊಲದ ಸುದ್ದಿ ಇಲ್ಲ. ನಿನ್ನೆ ಅಳಿಯಂದಿರು ಮ್ಯೂನಿಕ್‌ನ ಒಂದು ಉಯ್ಘರ್ ಹೋಟೆಲಿಗೆ ಕರಕೊಂಡು ಹೋಗಿದ್ರು.

ಉಯ್ಘರರು ಚೀನಾದ ಶಿನ್‌ಜಿಯಾಂಗ್ ಕಡೆಯವರು. ಗೋಧಿ ಕಣಕಕ್ಕೆ ಎಣ್ಣೆ ಸವರಿ, ನೆನೆಯಲು ಬಿಟ್ಟು, ಕೈಯಿಂದಲೇ ಎಳೆದೆಳೆದು ಉದ್ದನೆ ಎಳೆ ಮಾಡ್ತಾರೆ. ಮ್ಯಾಲ ಕುರಿಮಾಂಸ, ಟೊಮೆಟೊ, ದೊಣ್ಣಮೆಣಸಿನಕಾಯಿ ಪಲ್ಯ. ಲಗ್ಮನ್ ಅಂತ ಹೆಸರು. ಜೀರಿಗೆ ಹಚ್ಚಿ ಸುಟ್ಟ ಕಬಾಬ್ ಬೇರೆ.

ಮಾಲೀಕರು ತುರ್ಪಾನದವರು, ದ್ರಾಕ್ಷಿ ಬೆಳೆಯೋ ಮನೆತನ. ವರ್ಷಕ್ಕೆ 20 ಮಿ.ಮೀ. ಮಳೆನೂ ಬೀಳದ ಊರು. ನೀರು ಹೆಂಗ ಅಂತ ಅಳಿಯಂದಿರ ಕಡೆಯಿಂದ ಕೇಳಿಸಿದೆ. "ಕಾರೇಜ್" ಅಂದ್ರು! ನಮ್ಮ ಬೀದರದ ನೌಬಾದ್ ಕಾರೇಜಿನ ಫೋಟೊ ತೋರಿಸಿದೆ, 15ನೇ ಶತಮಾನದ್ದು. ಅವರು ಕಾಗದದ ಮ್ಯಾಲ ಗೆರೆ ಎಳೆದ್ರು: ಬೆಟ್ಟದ ಹಿಮ ಕರಗಿದ ನೀರು, ಸಾಲು ಬಾವಿ, ಕೆಳಗೆ ಸುರಂಗ, ಕೊನೆಗೆ ತ್ವಾಟ. ಪಂಪು ಬೇಡ, ಇಳಿಜಾರೇ ಸಾಕು. ಹೆಸರೂ ಅದೇ, ಲೆಕ್ಕನೂ ಅದೇ.

"ಈ ವರ್ಷ ನಿಮ್ಮ ಕಾರೇಜಿನಾಗ ನೀರು ಅದ ಏನ್ರಿ?" ಅಂದೆ. ರೈತ ರೈತನಿಗೆ ಕೇಳೋ ಮಾತು. ಅವರು ಪೆನ್ನು ಕೆಳಗಿಟ್ರು. 2017ರಿಂದ ಅಪ್ಪನ ಜೋಡಿ ಮಾತಾಡಿಲ್ಲಂತ. ಅಲ್ಲಿ ಲಕ್ಷಾಂತರ ಉಯ್ಘರರನ್ನ ಶಿಬಿರಗಳಿಗೆ ಹಾಕಿದ ಕಾಲ ಅದು. ಪರದೇಶದ ಫೋನ್ ಎತ್ತಿದ್ರೂ ಅಪಾಯ ಅಂತ ಊರವರು ಎತ್ತೋದೇ ಬಿಟ್ಟರಂತ.

ರಾತ್ರಿ ನಮ್ಮ ತಮ್ಮಗ ಫೋನ್ ಹಚ್ಚಿ, ಬಾವಿ ನೀರು ಎಷ್ಟದೋ ಅಂದೆ. "ಹನ್ನೆರಡು ಅಡಿ ಅದ ಅಣ್ಣಾ" ಅಂದ. ಕೇಳಿಸಿದ್ರೂ ಇನ್ನೊಮ್ಮೆ ಹೇಳಂದೆ.