ನೈಜೀರಿಯದ ಮಕ್ಕಳು ಯಾವುದಕ್ಕೆ ಹೆಮ್ಮೆಪಡಬೇಕು?

ಬೆಳಿಗ್ಗೆ ಗಂಟೆ ಬಾರಿಸಿದೊಡನೆ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತು ಪ್ರತಿಜ್ಞೆ ಹೇಳುವುದು ನಮ್ಮ ಮಕ್ಕಳಿಗೆ ಹೊಸದೇನಲ್ಲ. ಪಶ್ಚಿಮ ಆಫ್ರಿಕದ ನೈಜೀರಿಯದಲ್ಲಿಯೂ ಈ ಪದ್ಧತಿ ಇದೆ. ಅಲ್ಲಿನ ಪ್ರತಿಜ್ಞೆ ಹುಟ್ಟಿದ್ದು 1976ರಲ್ಲಿ, ಶಿಕ್ಷಣ ಕ್ಷೇತ್ರದ ಮಹಿಳೆಯೊಬ್ಬರು ಪತ್ರಿಕೆಗೆ ಬರೆದ ಲೇಖನದಿಂದ. ದೇಶಕ್ಕೆ ನಿಷ್ಠೆಯಿಂದ, ಪ್ರಾಮಾಣಿಕತೆಯಿಂದ ನಡೆದುಕೊಳ್ಳುವುದು, ಇರುವ ಶಕ್ತಿಯನ್ನೆಲ್ಲ ಹಾಕಿ ಅದರ ಸೇವೆ ಮಾಡುವುದು, ಅದರ ಏಕತೆಯನ್ನೂ ಮರ್ಯಾದೆಯನ್ನೂ ಕಾಯುವುದು, ಇಷ್ಟು ಅದರ ಸಾರಾಂಶ. ನಮ್ಮ ಪ್ರತಿಜ್ಞೆಯಲ್ಲಿ ಪರಂಪರೆಯ ಬಗ್ಗೆ ಹೆಮ್ಮೆಯ ಮಾತು ಬರುತ್ತದೆ. ಅವರದರಲ್ಲಿ ಹೆಮ್ಮೆ ಎಂಬ ಪದವೇ ಇಲ್ಲ. ಇರುವುದೆಲ್ಲ ಮಾಡಬೇಕಾದ ಕೆಲಸಗಳ ಪಟ್ಟಿ.

ಶಾಲೆ ಬಿಟ್ಟು ಮನೆಗೆ ಬಂದ ಹುಡುಗ ಪತ್ರಿಕೆ ಬಿಡಿಸಿದರೆ ಅಲ್ಲಿ ಕಾಣುವ ನೈಜೀರಿಯವೇ ಬೇರೆ. ಲಂಚ, ಕರೆಂಟಿಲ್ಲದ ರಾತ್ರಿಗಳು, ಸುಳ್ಳು ಪತ್ರ ಬರೆದು ಹಣ ಲಪಟಾಯಿಸುವ ವಂಚಕರು, ಶಾಲೆಗೇ ನುಗ್ಗಿ ಮಕ್ಕಳನ್ನು ಹೊತ್ತೊಯ್ಯುವ ಬಂದೂಕುಧಾರಿಗಳು. ಹೊರದೇಶದ ವಿಮಾನ ನಿಲ್ದಾಣಗಳಲ್ಲಿ ಅಲ್ಲಿನವರ ಪಾಸ್‌ಪೋರ್ಟನ್ನು ಮತ್ತೆ ಮತ್ತೆ ತಿರುವಿ ನೋಡುವುದುಂಟು. ಓದಲೆಂದು ನಮ್ಮ ಊರುಗಳಿಗೆ ಬಂದ ಆಫ್ರಿಕದ ವಿದ್ಯಾರ್ಥಿಗಳನ್ನು ನಮ್ಮವರು ನೋಡುವ ನೋಟವೂ ಎಲ್ಲ ಸಲ ಹಿತವಾಗಿರುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಇಂಥ ಹೊತ್ತಿನಲ್ಲಿ ಆ ಹುಡುಗ, 'ಅಪ್ಪಾ, ನಾವು ನೈಜೀರಿಯದವರು ಎಂದು ಹೆಮ್ಮೆಪಡುವುದಕ್ಕೆ ಏನಿದೆ?' ಎಂದು ಕೇಳಿದರೆ ತಂದೆ ಏನು ಉತ್ತರ ಕೊಡಬೇಕು?

ಸುಲಭದ ಉತ್ತರಗಳು ಬೇಕಾದಷ್ಟಿವೆ. ಆಫ್ರಿಕದಲ್ಲಿಯೇ ಅತಿ ಹೆಚ್ಚು ಜನರಿರುವ ದೇಶ. ಜನಸಂಖ್ಯೆ 20 ಕೋಟಿ ಮೀರಿದೆ. ಐನೂರಕ್ಕೂ ಹೆಚ್ಚು ಭಾಷೆಗಳಿವೆ. ಮೇಲಾಗಿ, 1956ರಲ್ಲಿ ಒಲೊಯಿಬಿರಿ ಎಂಬ ಊರಿನಲ್ಲಿ ದೊರೆತ ಪೆಟ್ರೋಲಿಯಂ ಇದೆ. ಇವೆಲ್ಲ ನಿಜವೇ. ಆದರೆ ಪೆಟ್ರೋಲಿಯಂ ಹೇಗಾಯಿತು? ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿದ್ದ ಸೂಕ್ಷ್ಮಜೀವಿಗಳು ಸತ್ತು, ಕೆಸರಿನಡಿ ಹೂತು, ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಆದದ್ದು ಅದು. ಅದರಲ್ಲಿ ಯಾವ ಮನುಷ್ಯನ ಬೆವರೂ ಇಲ್ಲ. ಮನುಷ್ಯನ ಪಾಲು ಏನಿದ್ದರೂ ಅದನ್ನು ಬಳಸಿದ ರೀತಿಯಲ್ಲಿದೆ. ನೈಜರ್ ನದಿಯ ಮುಖಜಭೂಮಿಯಲ್ಲಿ ಸೋರಿದ ತೈಲದಿಂದ ಮೀನು ಸತ್ತು, ಕುಡಿಯುವ ನೀರು ಕೆಟ್ಟು, ರೈತರೂ ಬೆಸ್ತರೂ ಬಾಯಿಗೆ ಮಣ್ಣು ಬಿದ್ದಂತೆ ಕುಳಿತದ್ದನ್ನು ನೆನೆದರೆ ಅಲ್ಲಿ ಹೆಮ್ಮೆಗಿಂತ ಸಂಕಟವೇ ಹೆಚ್ಚು. ಸಿಕ್ಕಿದ್ದು ಸಂಪತ್ತು, ಹೆಮ್ಮೆ ಏನಿದ್ದರೂ ಮಾಡಿದ್ದಕ್ಕೆ ಸಲ್ಲಬೇಕು.

ಹಾಗಾದರೆ ನೈಜೀರಿಯದ ಜನ ಮಾಡಿದ್ದೇನು? ಮೊದಲು ಹಳೆಯ ಕಾಲಕ್ಕೆ ಹೋಗೋಣ. ದೇಶದ ನೈರುತ್ಯದಲ್ಲಿ ಇಫೆ ಎಂಬ ಪಟ್ಟಣವಿದೆ. 1938ರಲ್ಲಿ ಅಲ್ಲಿ ಮನೆ ಕಟ್ಟಲು ಪಾಯ ತೋಡುತ್ತಿದ್ದಾಗ ಮಣ್ಣಿನಡಿಯಿಂದ ಲೋಹದ ತಲೆಗಳು ಸಿಕ್ಕವು. ಸುಮಾರು ಆರೇಳು ನೂರು ವರ್ಷ ಹಳೆಯವು. ಕಣ್ಣು, ತುಟಿ, ಕೆನ್ನೆಯ ಉಬ್ಬುತಗ್ಗು ಎಲ್ಲವೂ ಜೀವಂತ ಮನುಷ್ಯನದೇ ಎಂಬಷ್ಟು ಸಹಜ. ಇದನ್ನು ಎರಕ ಹೊಯ್ದ ಬಗೆಯೂ ಸಾಮಾನ್ಯವಲ್ಲ. ಜೇಡಿಮಣ್ಣಿನ ತಿರುಳಿನ ಮೇಲೆ ಮೇಣ ಹಚ್ಚಿ, ಮೇಣದಲ್ಲಿ ರೂಪ ತಿದ್ದಿ, ಮೇಲೆ ಮತ್ತೆ ಮಣ್ಣು ಮೆತ್ತಿ ಕಾಯಿಸಿದರೆ ಮೇಣ ಕರಗಿ ಹೊರಗೆ ಹರಿಯುತ್ತದೆ. ಆ ಖಾಲಿ ಜಾಗಕ್ಕೆ ಕರಗಿದ ಲೋಹ ಸುರಿಯುತ್ತಾರೆ. ನಮ್ಮ ದಕ್ಷಿಣ ಭಾರತದಲ್ಲಿ ಪಂಚಲೋಹದ ಉತ್ಸವಮೂರ್ತಿಗಳನ್ನು ಮಾಡುವ ಕ್ರಮವೂ ಇದೇ. ಇಫೆಯ ಕೆಲವು ತಲೆಗಳಂತೂ ಹೆಚ್ಚುಕಡಿಮೆ ಶುದ್ಧ ತಾಮ್ರದವು. ತಾಮ್ರ ಕರಗಲು 1,085 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಕರಗಿದ ಮೇಲೂ ಅದು ಕಂಚಿನಷ್ಟು ಸಲೀಸಾಗಿ ಅಚ್ಚಿನ ಮೂಲೆಗಳಿಗೆ ಹರಿಯುವುದಿಲ್ಲ. ಕುಲುಮೆಯ ಮುಂದೆ ಎಷ್ಟು ತಲೆಮಾರಿನ ಅನುಭವವಿದ್ದರೆ ಇದು ಕೈಗೂಡೀತು!

ಇದಕ್ಕೂ ಮೊದಲು, 1910ರಲ್ಲಿ, ಇಫೆಗೆ ಬಂದಿದ್ದ ಜರ್ಮನಿಯ ಫ್ರೊಬೇನಿಯಸ್ ಎಂಬ ವಿದ್ವಾಂಸ ಅಲ್ಲಿನ ಶಿಲ್ಪಗಳನ್ನು ನೋಡಿ ಬೆರಗಾದ. ಆದರೆ ಇದು ಕರಿಯ ಜನರ ಕೈಕೆಲಸವೆಂದು ಒಪ್ಪಲು ಅವನಿಗೆ ಮನಸ್ಸು ಬರಲಿಲ್ಲ. ಕಳೆದುಹೋದ ಅಟ್ಲಾಂಟಿಸ್ ನಾಡಿನ ಕಥೆ ಹೆಣೆದು, ಪ್ರಾಚೀನ ಗ್ರೀಕರ ನಂಟು ಹಚ್ಚಿದ. ಇಫೆಯ ಅಕ್ಕಸಾಲಿಗರು ಇಫೆಯವರೇ ಎಂಬುದು ಈಗ ಸಂಶಯಕ್ಕೆ ಎಡೆಯಿಲ್ಲದ ಮಾತು. ಪಕ್ಕದ ಬೆನಿನ್ ಅರಮನೆಯಿಂದ 1897ರಲ್ಲಿ ಬ್ರಿಟಿಷ್ ಸೈನಿಕರು ಸಾವಿರಾರು ಲೋಹಶಿಲ್ಪಗಳನ್ನೂ ದಂತದ ಕೆತ್ತನೆಗಳನ್ನೂ ದೋಚಿಕೊಂಡು ಹೋದರು. ಅವು ಯುರೋಪು ಅಮೆರಿಕಗಳ ವಸ್ತುಸಂಗ್ರಹಾಲಯ ಸೇರಿದವು. ಈಗ ಒಂದೊಂದಾಗಿ ಹಿಂದಿರುಗುತ್ತಿವೆ. 2025ರಲ್ಲಿ ನೆದರ್ಲೆಂಡ್ಸ್ ದೇಶವೊಂದೇ 119 ವಸ್ತುಗಳನ್ನು ಮರಳಿಸಿತು.

ಪೂರ್ವಿಕರ ಮಾತು ಸಾಕು. ಅಜ್ಜ ಆನೆ ಏರಿದ್ದನೆಂದು ಮೊಮ್ಮಗ ಎದೆಯುಬ್ಬಿಸಿದರೆ ಹೊಟ್ಟೆ ತುಂಬುವುದಿಲ್ಲ. ನಮ್ಮ ಕಾಲದಲ್ಲಿಯೇ, ಆ ಪ್ರತಿಜ್ಞೆಯ ಒಂದೊಂದು ಸಾಲನ್ನೂ ಬದುಕಿ ತೋರಿಸಿದ ಇಬ್ಬರು ಮಹಿಳೆಯರು ಅಲ್ಲಿದ್ದರು.

ಮೊದಲನೆಯವರು ಡೋರಾ ಅಕುನ್ಯಿಲಿ. ನ್‌ಸುಕ್ಕಾದ ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕಿ. ಸರ್ಕಾರಿ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಅವರಿಗೆ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಆಗಬೇಕೆಂದು ಹಣ ಮಂಜೂರಾಯಿತು. ಅಲ್ಲಿನ ವೈದ್ಯರು ಪರೀಕ್ಷಿಸಿ ಶಸ್ತ್ರಚಿಕಿತ್ಸೆಯ ಅಗತ್ಯವೇ ಇಲ್ಲವೆಂದರು. ಅಕುನ್ಯಿಲಿ ಅದಕ್ಕೆಂದು ಕೊಟ್ಟಿದ್ದ 12,000 ಪೌಂಡುಗಳನ್ನು ಹಾಗೆಯೇ ಸಂಸ್ಥೆಗೆ ಹಿಂದಿರುಗಿಸಿದರು. ಯಾರೂ ಕೇಳಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ಈ ಸುದ್ದಿ ಬಾಯಿಂದ ಬಾಯಿಗೆ ಹೋಗಿ ಅಧ್ಯಕ್ಷರ ಕಿವಿಗೆ ಬಿತ್ತು. 2001ರಲ್ಲಿ ಅವರನ್ನು ದೇಶದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ನಾಫ್ಡಾಕ್‌ಗೆ ಮುಖ್ಯಸ್ಥೆಯನ್ನಾಗಿ ಮಾಡಿದರು.

ಅದು ಹೂವಿನ ಹಾಸಿಗೆಯಾಗಿರಲಿಲ್ಲ. ನಕಲಿ ಔಷಧಿಗಳ ಸಂತೆಯೇ ಅಲ್ಲಿ ನೆರೆದಿತ್ತು. 1990ರಲ್ಲಿ ಪ್ಯಾರಾಸಿಟಮಾಲ್ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತು ನೂರಕ್ಕೂ ಹೆಚ್ಚು ಮಕ್ಕಳು ಸತ್ತಿದ್ದರು. ಮಧುಮೇಹವಿದ್ದ ಅಕುನ್ಯಿಲಿಯವರ ತಂಗಿಯೇ 1988ರಲ್ಲಿ ನಕಲಿ ಇನ್ಸುಲಿನ್‌ಗೆ ಬಲಿಯಾಗಿದ್ದರು. ಅಧಿಕಾರಕ್ಕೆ ಬಂದ ಅಕುನ್ಯಿಲಿ ಗೋದಾಮುಗಳ ಮೇಲೆ ದಾಳಿ ಮಾಡಿಸಿದರು, ವಶಪಡಿಸಿಕೊಂಡ ಮಾಲನ್ನು ಜನರೆದುರಿಗೇ ಸುಡಿಸಿದರು, ಔಷಧಿ ಕೊಳ್ಳುವಾಗ ನೋಂದಣಿ ಸಂಖ್ಯೆ ನೋಡಿ ಎಂದು ಜನಕ್ಕೆಲ್ಲ ಸಾರಿಸಿದರು. ಕಳಪೆ ಮಾಲು ಕಳಿಸಿದ ವಿದೇಶಿ ಕಂಪನಿಗಳಿಗೆ ಬಾಗಿಲು ಮುಚ್ಚಿದರು. ಆ ಪಟ್ಟಿಯಲ್ಲಿ ಭಾರತದ ಕಂಪನಿಗಳೂ ಇದ್ದವೆಂಬುದು ನಾವು ತಲೆ ತಗ್ಗಿಸಬೇಕಾದ ಸಂಗತಿ. ದಂಧೆಯವರು ಸುಮ್ಮನಿದ್ದಾರೆಯೆ? 2003ರ ಡಿಸೆಂಬರಿನಲ್ಲಿ ಅವರ ಕಾರಿನ ಮೇಲೆ ಗುಂಡಿನ ಮಳೆಗರೆದರು. ಒಂದು ಗುಂಡು ತಲೆಗೆ ಸುತ್ತಿದ್ದ ವಸ್ತ್ರವನ್ನು ಸೀಳಿಕೊಂಡು ಹೋಯಿತು. ಅಕುನ್ಯಿಲಿ ಮತ್ತೆ ಕಚೇರಿಗೆ ಹೋದರು. 2008ರವರೆಗೂ ಅದೇ ಹುದ್ದೆಯಲ್ಲಿದ್ದು ದುಡಿದರು. 2014ರ ಜೂನ್ 7ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಕೊನೆಯುಸಿರು ಹೋದದ್ದು ನಮ್ಮ ಭಾರತದ ಆಸ್ಪತ್ರೆಯೊಂದರಲ್ಲಿ.

ಅದಾಗಿ ಆರು ವಾರಕ್ಕೆ ಎರಡನೆಯ ಮಹಿಳೆಯ ಪರೀಕ್ಷೆ ಬಂತು. ಪಶ್ಚಿಮ ಆಫ್ರಿಕದಲ್ಲಿ ಆಗ ಎಬೋಲ ರೋಗ ಹಬ್ಬಿತ್ತು. ಜುಲೈ 20ರಂದು ಲೈಬೀರಿಯದಿಂದ ಲಾಗೋಸ್ ನಗರಕ್ಕೆ ವಿಮಾನದಲ್ಲಿ ಬಂದಿಳಿದ ಪ್ರಯಾಣಿಕನೊಬ್ಬ ನಿಲ್ದಾಣದಲ್ಲಿಯೇ ಕುಸಿದ. ಸರ್ಕಾರಿ ವೈದ್ಯರು ಮುಷ್ಕರದಲ್ಲಿದ್ದುದರಿಂದ ಅವನನ್ನು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಮೊದಲು ಮಲೇರಿಯವೆಂದೇ ಚಿಕಿತ್ಸೆ ಶುರುವಾಯಿತು. ಮರುದಿನ ನೋಡಲು ಬಂದವರು ಹಿರಿಯ ವೈದ್ಯೆ ಅಮೆಯೊ ಸ್ಟೆಲ್ಲಾ ಅಡಡೆವೊ. ಅವರು ಅದುವರೆಗೆ ಎಬೋಲ ರೋಗಿಯನ್ನು ಕಂಡವರಲ್ಲ. ಕಾಣುವುದಾದರೂ ಹೇಗೆ, ನೈಜೀರಿಯಕ್ಕೆ ಆ ರೋಗ ಬಂದೇ ಇರಲಿಲ್ಲ. ರೋಗಿಯೂ ತನಗೆ ಎಬೋಲ ರೋಗಿಗಳ ಸಂಪರ್ಕವೇ ಇಲ್ಲವೆಂದ. ಆದರೆ ಬಂದದ್ದು ಲೈಬೀರಿಯದಿಂದ, ಮಲೇರಿಯದ ಔಷಧಿಗೆ ಜಗ್ಗುತ್ತಿಲ್ಲ ಎಂಬೆರಡು ಸಂಗತಿಗಳನ್ನು ಕೂಡಿಸಿ ನೋಡಿದ ವೈದ್ಯೆ ಸಂಶಯಪಟ್ಟು, ಅವನನ್ನು ಬೇರೆ ಇರಿಸಿ ರಕ್ತವನ್ನು ಪರೀಕ್ಷೆಗೆ ಕಳಿಸಿದರು.

ಅಷ್ಟರಲ್ಲಿ ಒತ್ತಡ ಶುರುವಾಯಿತು. ರೋಗಿ ಅಧಿಕಾರಿ, ದೊಡ್ಡ ಸಮ್ಮೇಳನಕ್ಕೆ ಹೋಗಬೇಕು, ಬಿಟ್ಟುಬಿಡಿ ಎಂದು ಅವನ ದೇಶದ ಅಧಿಕಾರಿಗಳು ಒತ್ತಾಯಿಸಿದರು. ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿರಲಿಲ್ಲ. ರೋಗಿಯೂ ರೇಗಾಡಿ ಹೊರಡಲು ನೋಡಿದ. ಅಡಡೆವೊ ಮಾತ್ರ ಸಾರ್ವಜನಿಕರ ಹಿತದೃಷ್ಟಿಯಿಂದ ಬಿಡುವುದಿಲ್ಲವೆಂದು ಪಟ್ಟು ಹಿಡಿದರು. ಎಬೋಲ ಎಂದು ಖಚಿತವಾಯಿತು. ಜುಲೈ 25ರಂದು ರೋಗಿ ಸತ್ತ. ಅವನ ಆರೈಕೆ ಮಾಡಿದ ದಾದಿಯರಿಗೂ ವೈದ್ಯರಿಗೂ ರೋಗ ಅಂಟಿತ್ತು. ಆಗಸ್ಟ್ 19ರಂದು ಅಡಡೆವೊ ತೀರಿಕೊಂಡರು. ಅವರಿಗೆ ಆಗ 57 ವರ್ಷ.

ಅವರು ಅಂದು 'ಹಾಳಾಗಿ ಹೋಗಲಿ, ದೊಡ್ಡವರ ಸಹವಾಸ ಬೇಡ' ಎಂದು ಸಹಿ ಹಾಕಿ ಕಳಿಸಿದ್ದರೆ ಏನಾಗುತ್ತಿತ್ತು? ಲಾಗೋಸ್ ಕೋಟಿಗೂ ಮೀರಿ ಜನರಿರುವ ಮಹಾನಗರ. ಬಸ್ಸು, ಸಂತೆ, ವಠಾರ ಎಲ್ಲ ಕಿಕ್ಕಿರಿದವು. ಊಹಿಸುವುದಕ್ಕೂ ಭಯವಾಗುತ್ತದೆ.

ಒಬ್ಬರ ಧೈರ್ಯದಷ್ಟೇ ಮುಖ್ಯವಾದದ್ದು ಅದರ ಹಿಂದೆ ನಡೆದ ಸದ್ದಿಲ್ಲದ ದುಡಿಮೆ. ಪೋಲಿಯೊ ನಿರ್ಮೂಲನೆಗೆಂದು ಕಟ್ಟಿದ್ದ ತುರ್ತು ಕೇಂದ್ರದ ಪದ್ಧತಿಯನ್ನೂ ಅದರಲ್ಲಿ ಪಳಗಿದ ಜನರನ್ನೂ ನೈಜೀರಿಯ ರಾತ್ರೋರಾತ್ರಿ ಎಬೋಲದ ವಿರುದ್ಧ ತಿರುಗಿಸಿತು. ಎಬೋಲ ಅಂಟಿದವನಲ್ಲಿ ಲಕ್ಷಣ ತೋರಲು ಹೆಚ್ಚೆಂದರೆ 21 ದಿನ ಹಿಡಿಯುತ್ತದೆ. ಲಕ್ಷಣ ತೋರುವ ಮುನ್ನ ಅವನಿಂದ ಬೇರೆಯವರಿಗೆ ಹರಡದು. ಆದ್ದರಿಂದ ರೋಗಿಗಳ ಹತ್ತಿರ ಸುಳಿದವರನ್ನೆಲ್ಲ ಹುಡುಕಿ, 21 ದಿನ ಕಣ್ಣಿಟ್ಟರೆ ರೋಗದ ಸರಪಳಿ ತುಂಡಾಗುತ್ತದೆ. ಹೀಗೆ ಪಟ್ಟಿ ಮಾಡಿದವರು 894 ಮಂದಿ. ಅವರ ಮನೆಗಳಿಗೆ ಹೋಗಿ ಜ್ವರ ನೋಡಿದ ಭೇಟಿಗಳು ಸುಮಾರು 18,500. ವಿದ್ಯಾರ್ಥಿಗಳು 894ನ್ನು 21ರಿಂದ ಗುಣಿಸಿ ನೋಡಬಹುದು. ಹೆಚ್ಚುಕಡಿಮೆ ಅದೇ ಉತ್ತರ ಬರುತ್ತದೆ. ಎಂದರೆ ಭೇಟಿ ತಪ್ಪಿದ ದಿನಗಳು ತೀರ ಕಡಿಮೆ. ಕೊನೆಗೆ ಇಡೀ ದೇಶದಲ್ಲಿ ರೋಗ ತಗುಲಿದ್ದು 20 ಜನರಿಗೆ, ಸತ್ತವರು 8. ಅಕ್ಟೋಬರ್ 20ರಂದು ವಿಶ್ವ ಆರೋಗ್ಯ ಸಂಸ್ಥೆ ನೈಜೀರಿಯ ಎಬೋಲ ಮುಕ್ತವೆಂದು ಸಾರಿತು. ಅದೇ ಪಿಡುಗಿನಲ್ಲಿ ಪಶ್ಚಿಮ ಆಫ್ರಿಕದ ಬೇರೆ ದೇಶಗಳಲ್ಲಿ ಸತ್ತವರ ಸಂಖ್ಯೆ 11,000 ಮೀರಿತ್ತು. ಇತ್ತ ಪೋಲಿಯೊ ಕೆಲಸವೂ ನಿಲ್ಲಲಿಲ್ಲ. 2020ರಲ್ಲಿ ಆಫ್ರಿಕ ಖಂಡವನ್ನು ನೈಸರ್ಗಿಕ ಪೋಲಿಯೊ ವೈರಸ್ಸಿನಿಂದ ಮುಕ್ತವೆಂದು ಘೋಷಿಸಿದಾಗ, ಕಟ್ಟಕಡೆಗೆ ಉಳಿದಿದ್ದ ನೈಜೀರಿಯ ಗೆದ್ದುದರಿಂದಲೇ ಅದು ಸಾಧ್ಯವಾಯಿತು.

ಆಟದ ಮಾತೆತ್ತದಿದ್ದರೆ ಮಕ್ಕಳು ಮುನಿದಾರು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಫುಟ್‌ಬಾಲ್ ಸೆಮಿಫೈನಲಿನಲ್ಲಿ ಬ್ರೆಜಿಲ್ ವಿರುದ್ಧ 1-3ರಿಂದ ಹಿಂದಿದ್ದ ನೈಜೀರಿಯ 4-3ರಿಂದ ಗೆದ್ದು, ಫೈನಲಿನಲ್ಲಿ ಅರ್ಜೆಂಟೀನವನ್ನೂ ಸೋಲಿಸಿ ಚಿನ್ನ ತಂದಿತು. ಬ್ರೆಜಿಲ್ ಮೇಲೆ ಗೆಲುವಿನ ಗೋಲು ಹೊಡೆದ ಕಾನುವಿನ ಹೃದಯದ ಕವಾಟದಲ್ಲಿ ದೋಷವಿದೆಯೆಂದು ಕೆಲವೇ ವಾರಗಳಲ್ಲಿ ತಿಳಿಯಿತು. ಆಟ ಮುಗಿಯಿತೆಂದೇ ಎಲ್ಲರೂ ಅಂದುಕೊಂಡರು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮತ್ತೆ ಮೈದಾನಕ್ಕಿಳಿದ ಆತ, 2000ದಲ್ಲಿ ಒಂದು ಪ್ರತಿಷ್ಠಾನ ಕಟ್ಟಿ, ಹೃದ್ರೋಗವಿರುವ ಬಡಮಕ್ಕಳ ಚಿಕಿತ್ಸೆಗೆ ನೆರವಾದ. ಅಂಥ ಮಕ್ಕಳಲ್ಲಿ ಕೆಲವರು ಭಾರತಕ್ಕೂ ಬಂದು ಗುಣಮುಖರಾಗಿ ಹೋಗಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ತಂದೆಯಾದವನು ಮಗನಿಂದ ಕಹಿಯನ್ನು ಮುಚ್ಚಿಡಬೇಕೆ? ಬೇಕಿಲ್ಲ. ಅದೇ 2014ರ ಏಪ್ರಿಲಿನಲ್ಲಿ ಚಿಬೊಕ್ ಎಂಬ ಊರಿನ ಶಾಲೆಯಿಂದ 276 ಹುಡುಗಿಯರನ್ನು ಉಗ್ರರು ಹೊತ್ತೊಯ್ದರು. ಪರೀಕ್ಷೆ ಬರೆಯಲು ಬಂದಿದ್ದ ಮಕ್ಕಳವರು. ಎಲ್ಲರೂ ಮನೆಗೆ ಮರಳಿಲ್ಲ. ಇದನ್ನು ಮರೆತು ಹಾಡುವ ಹೆಮ್ಮೆ ಪೊಳ್ಳು. ದೊಡ್ಡ ಲೇಖಕ ಚಿನುವ ಅಚಿಬೆ ಈ ವಿಷಯದಲ್ಲಿ ಒಂದು ದಾರಿ ತೋರಿಸಿದ್ದಾರೆ. 1958ರಲ್ಲಿ ಬಂದ ಅವರ ಮೊದಲ ಕಾದಂಬರಿ ಲೋಕದ ಹತ್ತಾರು ಭಾಷೆಗಳಿಗೆ, ನಮ್ಮ ಕನ್ನಡಕ್ಕೂ, ಅನುವಾದವಾಗಿದೆ. ಅಂಥವರಿಗೆ ಸರ್ಕಾರ 2004ರಲ್ಲಿ ದೊಡ್ಡ ರಾಷ್ಟ್ರಪ್ರಶಸ್ತಿ ಕೊಡಲು ಬಂದಾಗ, ದೇಶದ ಸ್ಥಿತಿ ಹೀಗಿರುವಾಗ ಬೇಡವೆಂದರು. 2011ರಲ್ಲಿ ಮತ್ತೆ ಬಂತು; ಮತ್ತೆ ಬೇಡವೆಂದರು. ದೇಶವನ್ನು ಪ್ರೀತಿಸದವರು ಹಾಗೆ ಎರಡೆರಡು ಸಲ ನೊಂದುಕೊಳ್ಳುವುದಿಲ್ಲ.

ಅಕುನ್ಯಿಲಿಗೆ ಗುಂಡು ಹೊಡೆದವರೂ ನೈಜೀರಿಯದವರೇ, ಅದಕ್ಕೆ ಅಂಜದೆ ಕಚೇರಿಗೆ ಹೋದವರೂ ನೈಜೀರಿಯದವರೇ. ಎರಡೂ ಒಂದೇ ಮಣ್ಣಿನ ಬೆಳೆ. ಇವರಲ್ಲಿ ಯಾರ ಸಾಲಿಗೆ ಸೇರಬೇಕೆಂಬುದನ್ನು ಆ ಹುಡುಗನೇ ಆರಿಸಿಕೊಳ್ಳಬೇಕು. ಆದ್ದರಿಂದ ತಂದೆ ಕೊಡಬಹುದಾದ ಉತ್ತರ ಇಷ್ಟೆ: ಖರ್ಚಾಗದ ಹಣವನ್ನು ಯಾರೂ ಕೇಳದಿದ್ದರೂ ಹಿಂದಿರುಗಿಸಿದ ಪ್ರಾಧ್ಯಾಪಕಿ, ಯಾರು ಒತ್ತಾಯಿಸಿದರೂ ಸಹಿ ಹಾಕದ ವೈದ್ಯೆ, ಬಿಸಿಲಿನಲ್ಲಿ ಮನೆಮನೆ ತಿರುಗಿ ಜ್ವರ ನೋಡಿದ, ಹೆಸರು ಎಲ್ಲಿಯೂ ಅಚ್ಚಾಗದ ಕಾರ್ಯಕರ್ತರು. ಇವರ ನಾಡಿನವನು ನೀನು.

ಆ ಮನೆಯ ಮಾತು ನಮ್ಮ ಮನೆಗಳಿಗೂ ಸಲ್ಲುತ್ತದೆ. ಬೆಳಿಗ್ಗೆ ಅಂಗಳದಲ್ಲಿ ಪ್ರತಿಜ್ಞೆ ಹೇಳಿದ ಮಗು ಸಂಜೆ ಅಂಗಡಿಯವನು ತಪ್ಪಿ ಹೆಚ್ಚಿಗೆ ಕೊಟ್ಟ ಚಿಲ್ಲರೆಯನ್ನು ಮನೆಗೆ ತಂದಾಗ ಅಪ್ಪ ಅಮ್ಮ ಏನು ಹೇಳುತ್ತಾರೆ? ದೇಶದ ಮರ್ಯಾದೆ ಕಾಯುವ ಪಾಠ ಅಲ್ಲಿಂದಲೇ ಶುರುವಾಗುತ್ತದೆ.