ಯಾವ ಗಡಿಯಾರ ಸಾಕ್ಷಿ?

ಪ್ರವೇಶದ ಅರ್ಜಿಗೆ ಸಂಜೆ 5 ಗಂಟೆಯ ಗಡುವು. ಕಾಸರಗೋಡಿನ ಅಕ್ಷಯ ಕೇಂದ್ರದಲ್ಲಿ ಕುಳಿತ ತಂದೆಯೊಬ್ಬರು ಕೊನೆಯ ಗಳಿಗೆಯಲ್ಲಿ ಮಗಳ ಅರ್ಜಿಯನ್ನು ಕಳುಹಿಸಿದರೆನ್ನಿ. ಒಂದು ಕೆಟ್ಟರೆ ಇನ್ನೊಂದಿರಲೆಂದು ಒಂದೇ ಕಡತದ ಪ್ರತಿಯನ್ನು ಎರಡು ಸರ್ವರ್‌ಗಳಲ್ಲಿ ಇಟ್ಟಿರುತ್ತಾರೆ. ಒಂದರ ದಾಖಲೆ 4:59:58 ಎನ್ನುತ್ತದೆ, ಮತ್ತೊಂದರದು 5:00:03. ಮಗುವಿನ ಸೀಟು ಯಾವ ಗಡಿಯಾರಕ್ಕೆ ಸೇರಿದ್ದು?

ಈ ಐದು ಸೆಕೆಂಡುಗಳಲ್ಲಿ ಗಡಿಯಾರದ ದೋಷವೆಷ್ಟು, ದಾರಿಯ ವಿಳಂಬವೆಷ್ಟು ಎಂದು ಬೇರ್ಪಡಿಸುವ ಉಪಾಯವುಂಟು. ಬೈಲಿನ ಮನೆಯಿಂದ ಹುಡುಗನೊಬ್ಬ 10:00ಕ್ಕೆ ಚೀಟಿ ಹಿಡಿದು ಗುಡ್ಡದ ಮನೆಗೆ ಹೊರಡುತ್ತಾನೆ. ತಲುಪಿದಾಗ ಅಲ್ಲಿಯ ಗಡಿಯಾರದಲ್ಲಿ 10:07. ಮರಳಿ ಹೊರಡುವಾಗ 10:08. ಬೈಲಿಗೆ ಬಂದರೆ ಅಲ್ಲಿನ್ನೂ 10:05! ಒಗಟೇನಿಲ್ಲ. ಒಟ್ಟು 5 ನಿಮಿಷ, ಮೇಲೆ ನಿಂತದ್ದು 1, ನಡೆದದ್ದು 4. ಹೋಗಲು 2, ಬರಲು 2 ಎಂದರೆ ಆತ ಗುಡ್ಡ ಸೇರಿದ್ದು 10:02ಕ್ಕೆ. ಮೇಲಿನ ಗಡಿಯಾರ 5 ನಿಮಿಷ ಮುಂದಿದೆ. ಅಮೆರಿಕದ ಡೇವಿಡ್ ಮಿಲ್ಸ್ 1985ರಲ್ಲಿ ಪ್ರಕಟಿಸಿದ ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್ ಇಂತಹ ನಾಲ್ಕು ಸಮಯಗಳ ಲೆಕ್ಕವನ್ನೇ ಆಧರಿಸಿದೆ.

ಆದರೆ ಏರಲು 3, ಇಳಿಯಲು 1 ನಿಮಿಷ ಹಿಡಿದಿದ್ದರೆ? ಆಗ ವ್ಯತ್ಯಾಸ 4 ನಿಮಿಷವಷ್ಟೇ. ಆ ನಾಲ್ಕು ಅಂಕೆಗಳನ್ನು ಹೇಗೆ ತಿರುವಿ ನೋಡಿದರೂ ಯಾವುದು ನಿಜವೆಂದು ತಿಳಿಯದು. ತಪ್ಪು ನಡಿಗೆಯ ಅರ್ಧವನ್ನು, ಅಂದರೆ 2 ನಿಮಿಷವನ್ನು, ಮೀರದೆಂಬುದಷ್ಟೇ ಖಚಿತ. ಸರ್ವರ್‌ಗಳ ನಡುವಣ ಪಯಣ ಸಾಮಾನ್ಯವಾಗಿ ಸೆಕೆಂಡಿನ ಸಣ್ಣ ಪಾಲು. ಆದುದರಿಂದ ಐದು ಸೆಕೆಂಡು ಕಂಡಲ್ಲಿ ಮೊದಲು ಶಂಕಿಸಬೇಕಾದುದು ಗಡಿಯಾರವನ್ನು. ಎರಡು ಅರ್ಜಿಗಳ ಅಂತರ ಈ ಅನಿಶ್ಚಿತತೆಗಿಂತ ಕಿರಿದಾದರೆ, ‘ಮೊದಲು ಬಂದವರಿಗೆ ಆದ್ಯತೆ’ ಎಂಬ ನಿಯಮ ಚೀಟಿ ಎತ್ತುವುದಕ್ಕಿಂತ ನ್ಯಾಯವಾದುದಲ್ಲ. ಚೀಟಿ ಎತ್ತುವವರಾದರೂ ಅದೃಷ್ಟವನ್ನು ಅದೃಷ್ಟವೆಂದೇ ಕರೆಯುತ್ತಾರೆ.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೆಯ ಕಲಮು, ಬೇರೆ ಒಪ್ಪಂದವಿಲ್ಲದಿದ್ದರೆ, ಗೊತ್ತುಪಡಿಸಿದ ಗಣಕಕ್ಕೆ ದಾಖಲೆ ಪ್ರವೇಶಿಸಿದ ಹೊತ್ತನ್ನೇ ಸ್ವೀಕೃತಿಯ ಹೊತ್ತೆನ್ನುತ್ತದೆ. ಯಾರ ಗಡಿಯಾರದಂತೆ ಎಂದು ಹೇಳುವುದಿಲ್ಲ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನ ಈ ಕೊರತೆಯನ್ನು ಕೊಂಚ ತುಂಬಿದೆ: ಸರ್ವರ್‌ಗಳ ಸಮಯವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು. ತಕರಾರುಳ್ಳ ಪಾಲಕರು ಆ ಅವಧಿಯೊಳಗೆ ಎರಡೂ ಸರ್ವರ್‌ಗಳ ದಾಖಲೆಯನ್ನೂ, ಆ ದಿನ ಅಳೆದ ಗಡಿಯಾರಗಳ ಅಂತರವನ್ನೂ ಲಿಖಿತವಾಗಿ ಕೇಳುವುದು ಲೇಸು.