ಗಾಡಿ ನಮ್ದೇ, ಆರ್‌ಸಿ ಯಾರ್ದು?

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಕೆಲಸಕ್ಕೆ ಸೇರಿ ನಾಲ್ಕೈದು ವರ್ಷ ಆಗಿರೋ ನಮ್ಮ ಹುಡುಗ್ರು, ಹುಡುಗೀರು ಓದ್ಲೇಬೇಕು.

ಹೋದ ತಿಂಗಳು ಅಕ್ಕನ ಮಗ ಬೆಂಗಳೂರಿಂದ ಫೋನ್ ಮಾಡಿದ. "ಮಾವ, ಕಂಪನೀಲಿ ಕಾರ್ ಲೀಸ್ ಕೊಡ್ತಾವ್ರೆ. ಡೌನ್ ಪೇಮೆಂಟ್ ಇಲ್ಲ, ಸಂಬಳದಲ್ಲೇ ಕಟ್ ಆಯ್ತದೆ, ಟ್ಯಾಕ್ಸೂ ಉಳಿತದೆ. ದೊಡ್ಡ ಎಸ್‌ಯುವಿ ತಗತೀನಿ. ಏಪ್ರಿಲ್ 14ಕ್ಕೆ ಊರಿಗೆ ಅದ್ರಲ್ಲೇ ಬತ್ತೀನಿ" ಅಂದ.

ದೊಡ್ಡ ಗಾಡಿನೇ ಯಾಕೆ ಬೇಕು ಅಂತ ನಾನು ಕೇಳಲಿಲ್ಲ. ನಂಗೆ ಗೊತ್ತು. ನಂಜನಗೂಡು ಸೀಮೆಯ ನಮ್ಮೂರಲ್ಲಿ ಕೇರಿಗೆ ಹೋಗಬೇಕಂದ್ರೆ ದೊಡ್ಡ ಬೀದಿ ದಾಟೇ ಹೋಗಬೇಕು. ಆ ಬೀದಿ ಬಂತು ಅಂದ್ರೆ ನಮ್ಮಪ್ಪ ಮೆಟ್ಟು ಕಳಚಿ ಕೈಲಿ ಹಿಡ್ಕೋತಿದ್ದ. ನಾನು ಹೈಸ್ಕೂಲಿಗೆ ಹೋಗುವಾಗ ಸೈಕಲ್ ಇಳಿದು ತಳ್ಕೊಂಡು ಹೋಗಿದ್ದೀನಿ. ಅಂಥ ಬೀದೀಲಿ ಅದೇ ಮನೆಯ ಮೊಮ್ಮಗ ಹಾರ್ನ್ ಹೊಡ್ಕೊಂಡು ಹೋಗಬೇಕು ಅಂತ ಆಸೆ ಪಟ್ರೆ ಅದನ್ನ ಶೋಕಿ ಅನ್ನೋಕೆ ನಂಗೆ ಬಾಯಿ ಬರಲ್ಲ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿರೋದು ನೆನಪಾಯ್ತು. 1901ರಲ್ಲಿ ಬಾಲಕ ಭೀಮರಾವ್, ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಅಪ್ಪ ಇದ್ದ ಊರಿಗೆ ಹೊರಟು ಮಸೂರು ಸ್ಟೇಷನ್ನಲ್ಲಿ ಇಳಿದ್ರು. ಜಾತಿ ಗೊತ್ತಾದ ಮೇಲೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಒಪ್ಪಿದ. ಬಾಡಿಗೆ ಎರಡು ಪಟ್ಟು, ಎತ್ತು ಹೊಡೆಯೋದೂ ಮಕ್ಕಳೇ, ಗಾಡಿಯವನು ಪಕ್ಕದಲ್ಲಿ ನಡ್ಕೊಂಡು ಬಂದ. 1929ರಲ್ಲಿ ಚಾಳೀಸಗಾಂವ್‌ನಲ್ಲಿ ಟಾಂಗಾದವರು ಅವರನ್ನ ಕೂರಿಸಿಕೊಂಡು ಗಾಡಿ ಹೊಡೆಯೋಕೆ ಒಪ್ಪದೆ, ಟಾಂಗಾ ಹೊಡೆದು ಗೊತ್ತಿಲ್ಲದ ನಮ್ಮವರೇ ಒಬ್ಬರು ಹೊಡೆದು, ಬಾಬಾಸಾಹೇಬರು ಬಿದ್ದು ಕಾಲು ಮುರಿದುಕೊಂಡ್ರು.

ಅಂದ್ರೆ ಗಾಡಿ ಬಾಡಿಗೆ ನಮಗೆ ಹಿಂದಿನಿಂದಲೂ ದುಬಾರಿನೇ. ಆವತ್ತು ಬೇರೆ ದಾರಿ ಇಲ್ದೆ ಎರಡು ಪಟ್ಟು ಕೊಟ್ರು. ಇವತ್ತು ಲೆಕ್ಕ ಕೇಳೋ ವಿದ್ಯೆ ಇದೆ. ಕೇಳದೆ ಯಾಕೆ ಕೊಡಬೇಕು? "ಭಾನುವಾರ ಬಾ, ಕಾಗದ ಎಲ್ಲಾ ತಗೊಂಡು ಬಾ" ಅಂದೆ.

ಬಂದ. ಅವ್ವನ ಜಗಲಿ ಮೇಲೆ ಕೂತು ಲೆಕ್ಕ ಹಾಕಿದ್ವಿ. ಗಾಡಿಯ ಶೋರೂಂ ಬೆಲೆ 14 ಲಕ್ಷ. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದ ಗಾಡಿಗೆ ಜೀವಾವಧಿ ತೆರಿಗೆ ಶೇ. 17, ಅದೇ 2 ಲಕ್ಷ 38 ಸಾವಿರ, ಅದರ ಮೇಲೆ ಸೆಸ್ಸು. ಇನ್ಶೂರೆನ್ಸ್ ಎಲ್ಲಾ ಸೇರಿ ರಸ್ತೆಗೆ ಇಳಿಯೋ ಹೊತ್ತಿಗೆ ಹದಿನೇಳೂಕಾಲು ಲಕ್ಷ ದಾಟ್ತು.

ಲೀಸ್ ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಇದ್ದಿದ್ದು "ತಿಂಗಳಿಗೆ 30,000 ಮಾತ್ರ". ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಜಿಎಸ್‌ಟಿ ಪ್ರತ್ಯೇಕ". ಗಾಡಿ ಮಾರುವಾಗ ಯಾವ ದರವೋ ಲೀಸ್ ಬಾಡಿಗೆಗೂ ಅದೇ ದರ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗೆ ಶೇ. 40. ಹಂಗಾಗಿ 30 ಸಾವಿರ ಹೋಗಿ 42 ಸಾವಿರ ಆಯ್ತು. 48 ತಿಂಗಳಿಗೆ 20 ಲಕ್ಷ 16 ಸಾವಿರ. ಕೊನೆಗೆ ಗಾಡಿ ವಾಪಸ್ ಕೊಡಬೇಕು. ಬೇಕು ಅಂದ್ರೆ ಮತ್ತೆ ಮೂರೂವರೆ ಲಕ್ಷ.

"ಟ್ಯಾಕ್ಸಲ್ಲಿ 30 ಪರ್ಸೆಂಟ್ ಉಳಿತದೆ ಅಂದ್ರು ಮಾವ" ಅಂದ. ಹೊಸ ಪದ್ಧತೀಲಿ ಶೇ. 30 ಬೀಳೋದು 24 ಲಕ್ಷದ ಮೇಲಿನ ಆದಾಯಕ್ಕೆ. ಇವನದು 19 ಲಕ್ಷ. ಬಾಡಿಗೆ ಕಳೆದ್ರೆ ಇವನಿಗೆ ಉಳಿಯೋದು ಒಂದಷ್ಟಕ್ಕೆ ಶೇ. 20, ಉಳಿದದ್ದಕ್ಕೆ ಶೇ. 15. ತಿಂಗಳಿಗೆ ಏಳು ಸಾವಿರದ ಆಸುಪಾಸು.

ಬ್ಯಾಂಕ್ ಸಾಲವೂ ಲೆಕ್ಕ ಹಾಕಿದ್ವಿ. 14 ಲಕ್ಷ ಸಾಲ, ಶೇ. 9.5 ಬಡ್ಡಿ, 5 ವರ್ಷ: ತಿಂಗಳ ಕಂತು 29,400 ರೂಪಾಯಿ. ಕೈಯಿಂದ ಹಾಕೋದು ಸೇರಿದ್ರೆ ಒಟ್ಟು 21 ಲಕ್ಷ. ಇನ್ಶೂರೆನ್ಸು, ಸರ್ವೀಸು ನಮ್ಮ ತಲೆ ಮೇಲೆ. ಲೀಸಲ್ಲಿ ಅವೆರಡೂ ಅವರದ್ದೇ. ಸುಳ್ಳು ಹೇಳಬಾರದು, ನಾಲ್ಕು ವರ್ಷ ಅದೇ ಕಂಪನೀಲಿ ಇದ್ರೆ ಲೀಸು ಅಷ್ಟೇನೂ ಮೋಸ ಅಲ್ಲ. ಹೆಚ್ಚುಕಮ್ಮಿ ಒಂದೇ ಆಗುತ್ತೆ.

ಆದ್ರೆ ಆ "ಇದ್ರೆ" ಅನ್ನೋದೇ ಇಲ್ಲಿ ವಿಷಯ. ಕಾಗದದ ಒಂಬತ್ತನೇ ಪುಟದಲ್ಲಿತ್ತು: ಮಧ್ಯದಲ್ಲಿ ಬಿಟ್ರೆ ಬಾಕಿ ಬಾಡಿಗೆಯಲ್ಲಿ ಅರ್ಧ ಕಟ್ಟಬೇಕು. ಒಂದು ವರ್ಷಕ್ಕೆ ಕೆಲಸ ಹೋಯ್ತು ಅಂತ ಇಟ್ಕೊಳ್ಳಿ, ಐದು ಲಕ್ಷ 40 ಸಾವಿರ. ಸಂಬಳ ನಿಂತ ತಿಂಗಳೇ! ಹೋದ ವರ್ಷ ಇವನ ಪಕ್ಕದ ಸೀಟಿನವರನ್ನೇ ಮನೆಗೆ ಕಳಿಸಿದ್ದಾರೆ.

ಇಂಥ ಹೊತ್ತಲ್ಲಿ ಬೇರೆಯವರಿಗೆ ಊರಲ್ಲಿ ತೋಟ ಇರುತ್ತೆ, ಮೈಸೂರಲ್ಲಿ ಸೈಟ್ ಇರುತ್ತೆ, ಮಾವನ ಮನೆ ಇರುತ್ತೆ. ನಮ್ಮ ಹುಡುಗನ ಹಿಂದೆ ಏನಿದೆ? ಅಕ್ಕನ ಚೀಟಿ ದುಡ್ಡು, ತಂಗಿಯ ನರ್ಸಿಂಗ್ ಫೀಸು. ಮೊದಲ ತಲೆಮಾರಿನ ಸಂಬಳಗಾರ ಬಿದ್ರೆ ಹಿಡಿಯೋಕೆ ಕೆಳಗೆ ಯಾರೂ ಇರಲ್ಲ. ಈ ಖರ್ಚನ್ನ ಯಾವ ಕಂಪನಿಯೂ ತನ್ನ ಕಾಗದದಲ್ಲಿ ಬರೆಯಲ್ಲ.

ಅಲ್ಲೀತನಕ ಸುಮ್ನೆ ಎಲೆಅಡಿಕೆ ಹಾಕ್ತಿದ್ದ ಅವ್ವ ಕೇಳಿದ್ಲು, "ಲೀಸು ಅಂದ್ರೆ ಭೋಗ್ಯವಾ? ಕೊನೆಗೆ ದುಡ್ಡು ವಾಪಸ್ ಕೊಟ್ಟಾರಾ?"

"ಇಲ್ಲ ಅಜ್ಜಿ, ದುಡ್ಡೂ ಬರಲ್ಲ, ಗಾಡೀನೂ ಬಿಡಬೇಕು."

"ಕಾಗದದಲ್ಲಿ ಯಾರ ಹೆಸ್ರು?"

"ಲೀಸ್ ಕಂಪನೀದು."

"ಅಂಗಾರೆ ಇದು ಗೇಣಿ ಕನಪ್ಪ" ಅಂದ್ಲು.

ನಾನು ಪೆನ್ನು ಕೆಳಗಿಟ್ಟೆ. ನಮ್ಮ ತಾತ ಎರಡು ಎಕರೆ ವಾರಕ್ಕೆ ಮಾಡ್ತಿದ್ದ, ಇಪ್ಪತ್ತು ವರ್ಷ. 1974ರಲ್ಲಿ ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದಾಗ ಫಾರಂ ನಂ. 7 ಹಾಕು ಅಂತ ಯಾರೋ ಹೇಳಿದ್ರು. ತಾತನ ಹತ್ರ ಒಂದು ಚೀಟಿ ಇರಲಿಲ್ಲ, ಪಹಣೀಲಿ ಹೆಸರಿರಲಿಲ್ಲ. ಜಮೀನಿನವರು "ಅವನು ನಮ್ಮ ಕೂಲಿಯಾಳು" ಅಂದ್ರು, ಮುಗೀತು. ಬೆವರು ನಮ್ದು, ಹೆಸರು ಅವರದ್ದು. ಅವ್ವ ಆಗ ಆ ಹೊಲದಲ್ಲಿ ಕಳೆ ಕೀಳ್ತಿದ್ದೋಳು. ಅವಳು ಓದಿಲ್ಲ, ಆದ್ರೆ ಕೇಳಬೇಕಾದ ಪ್ರಶ್ನೆ ನಮಗಿಂತ ಮೊದಲೇ ಕೇಳಿದ್ಲು.

ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವನೇ ಒಂದು ದಾರಿ ಹೇಳಿದ. ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಗಾಡಿ ನೋಡ್ತಾನಂತೆ. ಅದಕ್ಕೆ ಜಿಎಸ್‌ಟಿ ಶೇ. 18. ಎತ್ತರಕ್ಕೆ ಎಸ್‌ಯುವಿ ಥರಾನೇ ಇರುತ್ತೆ. ಅದಕ್ಕೂ ಮೊದಲು ಆರು ತಿಂಗಳು, ಪ್ರತಿ ತಿಂಗಳು 25 ಸಾವಿರ ಬ್ಯಾಂಕಲ್ಲಿ ಆರ್‌ಡಿ ಕಟ್ತಾನೆ. ಮನೆ ಖರ್ಚು, ತಂಗಿ ಫೀಸು ತಡೆದುಕೊಂಡ್ರೆ ಆ ದುಡ್ಡೇ ಡೌನ್ ಪೇಮೆಂಟು, ಅದರ ಮೇಲೆ ಸಾಲ. ತಡೆಯದಿದ್ರೆ ದುಡ್ಡಂತೂ ಕೈಲಿರುತ್ತೆ. ಸಾಲದಲ್ಲಿ ಬ್ಯಾಂಕಿನ ಹೆಸರು ಆರ್‌ಸೀಲಿ ಇರುತ್ತೆ ನಿಜ, ಆದ್ರೆ ಮಾಲೀಕ ಅಂತ ಇವನ ಹೆಸರೇ. ಸಾಲ ತೀರಿಸಿ ಎನ್‌ಒಸಿ ತಂದ್ರೆ ಬ್ಯಾಂಕಿನ ಹೆಸರು ತೆಗೆಸಬಹುದು.

ಲೀಸೇ ಬೇಡ ಅಂತ ನಾನು ಹೇಳ್ತಿಲ್ಲ. ಸಹಿ ಹಾಕೋ ಮುಂಚೆ ಇಷ್ಟು ಕೇಳಿ: ಜಿಎಸ್‌ಟಿ ಸೇರಿ ಎಷ್ಟು? ವರ್ಷಕ್ಕೆ ಎಷ್ಟು ಕಿಲೋಮೀಟರ್, ದಾಟಿದ್ರೆ ಎಷ್ಟು ಕಟ್ಟಬೇಕು? ಮಧ್ಯದಲ್ಲಿ ಬಿಟ್ರೆ ಎಷ್ಟು? ವಾಪಸ್ ಕೊಡುವಾಗ ಗೀರು, ತಗ್ಗಿಗೆ ಯಾರು ಬೆಲೆ ಕಟ್ತಾರೆ? ಕೊನೆಗೆ ಕೊಳ್ಳೋ ಬೆಲೆ ಈಗಲೇ ಬರೆದು ಕೊಡ್ತಾರಾ? ಉತ್ತರ ಬಾಯಲ್ಲಿ ಬೇಡ, ಕಾಗದದಲ್ಲಿ ಬೇಕು. ಬಾಯಿ ಮಾತು ನಂಬಿ ನಮ್ಮ ತಾತಂದಿರು ಕಳ್ಕೊಂಡಿದ್ದು ಸಾಕು.

ಏಪ್ರಿಲ್ 14ಕ್ಕೆ ಅಳಿಮಯ್ಯ ಬಸ್ಸಲ್ಲೇ ಬರ್ತಾನೆ. ಸ್ಟಾಪಿಂದ ಇಬ್ಬರೂ ದೊಡ್ಡ ಬೀದೀಲೇ ನಡ್ಕೊಂಡು ಬರ್ತೀವಿ, ಮೆಟ್ಟು ಹಾಕ್ಕೊಂಡು. ಗಾಡಿ ಮುಂದಿನ ವರ್ಷ ಬರ್ಲಿ, ಅವನ ಹೆಸರಲ್ಲೇ ಬರ್ಲಿ.

ಜೈ ಭೀಮ್.